ಹಾಕಿ ಕ್ರೀಡಾ ಸಲಕರಣೆಗಳು

ಹಾಕಿ ಕ್ರೀಡಾ ಸಲಕರಣೆಗಳು ಎಂದರೆ ಹಾಕಿ ಆಟವನ್ನು ಆಡಲು ಹಾಗೂ ಆಡುವಾಗ ದೇಹವನ್ನು ರಕ್ಷಿಸಿಕೊಳ್ಳಲು ಬಳಸುವ ಸಾಧನಗಳು. ಸ್ಟಿಕ್, ಚೆಂಡು, ಪಾದರಕ್ಷೆ, ಮೊಣಕಾಲಿನ ಕೆಳಭಾಗದ ಕವಚ, ಹಲ್ಲಿನ ಕವಚ, ಮುಖಕವಚ ಮತ್ತು ಗೋಲ್‌ಕೀಪರ್ ಧರಿಸುವ ಪೂರ್ಣ ಕವಚ ಇವುಗಳಲ್ಲಿ ಮುಖ್ಯವಾದವು. ಭಾರತದಲ್ಲಿ 'ಹಾಕಿ' ಎಂದಾಗ ಮೈದಾನದ ಹಾಕಿ ಎಂದೇ ಅರ್ಥ. ಹಿಮದ ಮೇಲೆ ಆಡುವ ಐಸ್ ಹಾಕಿ, ಗಾಲಿಗಳ ಮೇಲೆ ಆಡುವ ರೋಲರ್ ಹಾಕಿಗಳ ಸಲಕರಣೆಗಳು ಇದರಿಂದ ಭಿನ್ನವಾಗಿದ್ದರೂ ಮೂರಕ್ಕೂ ಸಮಾನವಾದ ಒಂದು ಸಮಸ್ಯೆಯಿದೆ. ಅತಿ ವೇಗವಾಗಿ ಚಲಿಸುವ ಗಟ್ಟಿ ವಸ್ತುವಿನಿಂದ ಆಟಗಾರನ ದೇಹವನ್ನು, ಅವನ ಚಲನೆಗೆ ಅಡ್ಡಿಯಾಗದಂತೆ, ಕಾಪಾಡುವುದು ಹೇಗೆ ಎಂಬುದೇ ಆ ಸಮಸ್ಯೆ.

ಕರ್ನಾಟಕದಲ್ಲಿ ಕೊಡಗು ಮತ್ತು ಬೆಂಗಳೂರಿನಂತೆ ಬೆಳಗಾವಿಯೂ ಹಾಕಿಯ ಹಿರಿಮೆಯುಳ್ಳ ಊರು. ಈ ಲೇಖನದಲ್ಲಿ ಸಲಕರಣೆಗಳ ಸಾಮಾನ್ಯ ವಿವರಗಳೊಂದಿಗೆ ಬೆಳಗಾವಿ ನಗರ ಮತ್ತು ಖಾನಾಪುರ ಪ್ರದೇಶದ ಸಂದರ್ಭವನ್ನೂ ವಿವರಿಸಲಾಗಿದೆ.

ಸ್ಟಿಕ್

ಹಾಕಿ ಸ್ಟಿಕ್ಕಿಗೆ ಹಿಡಿ ಮತ್ತು ತಲೆ ಎಂಬ ಎರಡು ಭಾಗಗಳಿವೆ. ತಲೆಯ ಎಡಬದಿ ಮಾತ್ರ ಚಪ್ಪಟೆಯಾಗಿರುತ್ತದೆ, ಬಲಬದಿ ದುಂಡಗಿರುತ್ತದೆ. ದುಂಡು ಬದಿಯಿಂದ ಚೆಂಡನ್ನು ಆಡುವಂತಿಲ್ಲ. ಆದ್ದರಿಂದ ಎಡಗೈ ರೂಢಿಯ ಆಟಗಾರರೂ ಒಂದೇ ಬಗೆಯ ಸ್ಟಿಕ್ ಬಳಸಬೇಕಾಗುತ್ತದೆ. ಕ್ರಿಕೆಟ್ ಬ್ಯಾಟನ್ನು ಎಡಗೈಯಲ್ಲಿಯೂ ಬಲಗೈಯಲ್ಲಿಯೂ ಆಡಬಹುದು, ಹಾಕಿ ಸ್ಟಿಕ್ಕಿಗೆ ಆ ಅವಕಾಶವಿಲ್ಲ.

ಅಂತರರಾಷ್ಟ್ರೀಯ ಹಾಕಿ ಒಕ್ಕೂಟದ ನಿಯಮಗಳ ಪ್ರಕಾರ ಸ್ಟಿಕ್ಕಿನ ಉದ್ದ 105 ಸೆಂ.ಮೀ. ಮತ್ತು ತೂಕ 737 ಗ್ರಾಂ ಮೀರಬಾರದು. ಒಳ ವ್ಯಾಸ 51 ಮಿ.ಮೀ. ಇರುವ ಉಂಗುರದೊಳಗೆ ಅದು ತೂರಿ ಹೋಗಬೇಕು. ಹಿಡಿಯ ಉದ್ದಕ್ಕೂ ಕಾಣುವ ಬಾಗು 25 ಮಿ.ಮೀ.ಗಿಂತ ಹೆಚ್ಚಿರಬಾರದು. ಬಾಗು ಹೆಚ್ಚಾದಷ್ಟೂ ಚೆಂಡನ್ನು ಎಳೆದು ಎತ್ತಿ ಎಸೆಯುವ ಡ್ರ್ಯಾಗ್ ಫ್ಲಿಕ್ ಹೊಡೆತ ಬಲಗೊಳ್ಳುತ್ತದೆಯಾದ್ದರಿಂದ ಈ ಮಿತಿಯನ್ನು ಹಾಕಲಾಗಿದೆ.

ಮೊದಲಿಗೆ ಸ್ಟಿಕ್ಕುಗಳನ್ನು ಮರದಿಂದಲೇ ಮಾಡುತ್ತಿದ್ದರು. ಇಂಗ್ಲೆಂಡಿನಲ್ಲಿ ಆಶ್ ಮರದ, ಉದ್ದನೆಯ ಬಾಗಿದ ತಲೆಯ ಸ್ಟಿಕ್ ಬಳಕೆಯಲ್ಲಿತ್ತು. ಭಾರತ ಉಪಖಂಡದಲ್ಲಿ ಹಿಪ್ಪುನೇರಳೆ ಮರದ ತಲೆಯುಳ್ಳ, ಗಿಡ್ಡ ಮೂತಿಯ ಸ್ಟಿಕ್ ರೂಪುಗೊಂಡಿತು. ಕರ್ನಾಟಕದ ಓದುಗರಿಗೆ ಹಿಪ್ಪುನೇರಳೆ ರೇಷ್ಮೆ ಹುಳುವಿನ ಆಹಾರವಾಗಿ ಪರಿಚಿತ. ಮರವಾಗಿ ಬೆಳೆದಾಗ ಅದರ ನಾರು ಬಿಗಿಯಾಗಿದ್ದು, ಕಾವು ಕೊಟ್ಟಾಗ ಸುಲಭವಾಗಿ ಬಾಗುತ್ತದೆ. ಹಿಡಿಯ ಭಾಗದಲ್ಲಿ ಬೆತ್ತದ ಸೀಳುಗಳ ನಡುವೆ ರಬ್ಬರ್ ಪಟ್ಟಿಗಳನ್ನು ಸೇರಿಸಿ, ಹೊಡೆತದ ಆಘಾತ ಅಂಗೈಗೆ ತಗಲದಂತೆ ಮಾಡುತ್ತಿದ್ದರು. ಗಿಡ್ಡ ಮೂತಿಯಿಂದಾಗಿ ಸ್ಟಿಕ್ಕನ್ನು ಥಟ್ಟನೆ ತಿರುಗಿಸಿ ಚೆಂಡನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸಾಗಿಸಲು ಸಾಧ್ಯವಾಯಿತು. ಭಾರತೀಯ ಆಟಗಾರರ ಚಳಕವೆಂದು ಹೊಗಳಿಸಿಕೊಂಡ ಆಟದ ಹಿಂದೆ ಈ ಬಡಗಿ ಕೆಲಸದ ಪಾಲೂ ಇದೆ.

ವಿಭಜನೆಗೆ ಮುಂಚೆ ಸಿಯಾಲ್‌ಕೋಟ್ ಈ ಉದ್ಯಮದ ಕೇಂದ್ರವಾಗಿತ್ತು. 1947ರ ನಂತರ ಅಲ್ಲಿಂದ ಬಂದ ಕುಶಲಕರ್ಮಿಗಳು ಜಲಂಧರ್ ಮತ್ತು ಮೀರತ್‌ಗಳಲ್ಲಿ ನೆಲೆಸಿದರು. ಈಗಲೂ ಭಾರತದ ಕ್ರೀಡಾ ಸಾಮಗ್ರಿಗಳ ದೊಡ್ಡ ಪಾಲು ಈ ಎರಡು ನಗರಗಳಿಂದ ಬರುತ್ತದೆ. ಇಂದಿನ ವೃತ್ತಿಪರ ಆಟಗಾರರು ಇಂಗಾಲದ ನಾರು, ಗಾಜಿನ ನಾರು ಮತ್ತು ಅರಾಮಿಡ್ ನಾರುಗಳನ್ನು ರಾಳದಲ್ಲಿ ಬೆಸೆದು ಮಾಡಿದ ಸಂಯುಕ್ತ ಸ್ಟಿಕ್ಕುಗಳನ್ನು ಬಳಸುತ್ತಾರೆ. ಇಂಗಾಲದ ಪ್ರಮಾಣ ಹೆಚ್ಚಿದಂತೆ ಸ್ಟಿಕ್ ಬಿಗಿಯಾಗುತ್ತದೆ, ಹೊಡೆತಕ್ಕೆ ಬಲ ಬರುತ್ತದೆ. ಆದರೆ ಚೆಂಡನ್ನು ಮೆತ್ತಗೆ ತಡೆದು ನಿಲ್ಲಿಸುವುದು ಕಷ್ಟವಾಗುತ್ತದೆ. ಆದ್ದರಿಂದ ಕಲಿಯುವ ಮಕ್ಕಳಿಗೆ ಮರದ ಅಥವಾ ಇಂಗಾಲ ಕಡಿಮೆಯಿರುವ ಸ್ಟಿಕ್ಕೇ ಸೂಕ್ತವೆಂದು ತರಬೇತುದಾರರು ಹೇಳುವುದುಂಟು.

ಚೆಂಡು

ಚೆಂಡಿನ ಸುತ್ತಳತೆ 224ರಿಂದ 235 ಮಿ.ಮೀ., ತೂಕ 156ರಿಂದ 163 ಗ್ರಾಂ. ಹಿಂದೆ ಕಾರ್ಕಿಗೆ ದಾರ ಸುತ್ತಿ ಮೇಲೆ ತೊಗಲು ಹೊಲಿದ, ಕ್ರಿಕೆಟ್ ಚೆಂಡನ್ನು ಹೋಲುವ ಚೆಂಡು ಬಳಕೆಯಲ್ಲಿತ್ತು. ಈಗ ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡು ಬಳಕೆಯಲ್ಲಿದೆ. ಮೇಲ್ಮೈಯಲ್ಲಿರುವ ಸಣ್ಣ ಕುಳಿಗಳು ನೀರು ಹಾಯಿಸಿದ ಕೃತಕ ಹುಲ್ಲಿನ ಮೇಲೆ ಚೆಂಡು ಒಂದೇ ಸಮನೆ ಉರುಳಲು ನೆರವಾಗುತ್ತವೆ. ವೃತ್ತಿಪರ ಪಂದ್ಯಗಳ ಡ್ರ್ಯಾಗ್ ಫ್ಲಿಕ್ ಗಂಟೆಗೆ 100 ಕಿ.ಮೀ. ವೇಗವನ್ನು ಮೀರುತ್ತದೆ.

ಮೈದಾನದ ಆಟಗಾರರ ರಕ್ಷಣೆ

ಗೋಲ್‌ಕೀಪರ್ ಅಲ್ಲದ ಆಟಗಾರರು ಕಾಲಿನ ಮುಂಭಾಗಕ್ಕೆ ಗಾರ್ಡ್, ಹಿಮ್ಮಡಿಯ ಗಂಟಿಗೆ ಕವಚ ಹಾಗೂ ಹಲ್ಲಿಗೆ ಕವಚ ಧರಿಸಬೇಕೆಂದು ಅಂತರರಾಷ್ಟ್ರೀಯ ನಿಯಮಗಳು ಶಿಫಾರಸು ಮಾಡುತ್ತವೆ. ಎಡಗೈ ನೆಲಕ್ಕೆ ಹತ್ತಿರವಾಗುವಂತೆ ಸ್ಟಿಕ್ಕನ್ನು ಮಲಗಿಸಿ ಚೆಂಡು ತಡೆಯುವ ಕ್ರಮ ಬಂದ ಮೇಲೆ ಬೆರಳ ಗಂಟುಗಳನ್ನು ಕಾಯಲು ಎಡಗೈ ಕೈಗವಸು ರೂಢಿಗೆ ಬಂದಿತು.

ಹಲ್ಲಿನ ಕವಚವು ಹಲ್ಲನ್ನಷ್ಟೇ ಕಾಪಾಡುವ ಸಾಧನವಲ್ಲ. ಗದ್ದಕ್ಕೆ ಬಿದ್ದ ಪೆಟ್ಟಿನಿಂದ ಮೇಲಿನ ಮತ್ತು ಕೆಳಗಿನ ದವಡೆಗಳು ಒಂದಕ್ಕೊಂದು ಅಪ್ಪಳಿಸುವುದನ್ನು, ತುಟಿ ಹಾಗೂ ನಾಲಗೆ ಸೀಳುವುದನ್ನು ಅದು ತಡೆಯುತ್ತದೆ. ಬಿಸಿನೀರಿನಲ್ಲಿ ಮೆದು ಮಾಡಿ ಬಾಯಲ್ಲಿ ಕಚ್ಚಿ ಅಚ್ಚು ಹೊಂದಿಸಿಕೊಳ್ಳುವ ಬಗೆಯದು ಅಗ್ಗ, ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವುದು ದುಬಾರಿ. ಹಾಲು ಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿರುವ ವಯಸ್ಸಿನ ಮಕ್ಕಳಿಗೆ ಬಾಯಿಯ ಅಳತೆ ಬದಲಾದಂತೆ ಕವಚವನ್ನೂ ಬದಲಿಸಬೇಕಾಗುತ್ತದೆ.

ಪೆನಾಲ್ಟಿ ಕಾರ್ನರ್ ಸಮಯದಲ್ಲಿ ರಕ್ಷಣೆಗೆ ನಿಂತವರು ನುಣುಪಾದ ಮುಖಕವಚ ಧರಿಸಬಹುದು. ಈ ಕವಚ ಧರಿಸಿಕೊಂಡೇ 23 ಮೀಟರ್ ಪ್ರದೇಶದ ಆಚೆ ಚೆಂಡನ್ನು ಆಡುವಂತಿಲ್ಲ. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲಿನತ್ತ ಮೊದಲ ಹೊಡೆತವನ್ನು ನೇರವಾಗಿ ಬೀಸಿ ಹೊಡೆದರೆ ಚೆಂಡು 460 ಮಿ.ಮೀ.ಗಿಂತ ಎತ್ತರದಲ್ಲಿ ಗೋಲಿನ ಗೆರೆ ದಾಟಬಾರದು. ಗೋಲಿನ ಹಿಂಬದಿಯ ಹಲಗೆಯ ಎತ್ತರವೂ ಅಷ್ಟೇ. ಡ್ರ್ಯಾಗ್ ಫ್ಲಿಕ್‌ಗೆ ಈ ಎತ್ತರದ ಮಿತಿಯಿಲ್ಲ. ಕೊಡಗಿನ ವಿ. ಆರ್. ರಘುನಾಥ್ ಅವರಂತಹ ಡ್ರ್ಯಾಗ್ ಫ್ಲಿಕ್ ನಿಪುಣರ ಎದುರು ಗೋಲಿನ ಗೆರೆಯ ಮೇಲೆ ನಿಲ್ಲುವವರಿಗೆ ಮುಖಕವಚ ಅನಿವಾರ್ಯವಾದುದಕ್ಕೆ ಇದೇ ಕಾರಣ.

ಗೋಲ್‌ಕೀಪರ್ ಸಲಕರಣೆಗಳು

ಗೋಲಿನ ಅಗಲ 3.66 ಮೀ., ಎತ್ತರ 2.14 ಮೀ. ಇದನ್ನು ಕಾಯುವವರು ಶಿರಸ್ತ್ರಾಣ, ಗಂಟಲಿನ ಕವಚ, ಎದೆ ಮತ್ತು ತೋಳಿನ ಕವಚ, ಕೈಗಾರ್ಡುಗಳು, ತೊಡೆಗೆ ದಪ್ಪನೆಯ ಚಡ್ಡಿ, ಕಾಲಿಗೆ ಪ್ಯಾಡ್ ಹಾಗೂ ಪಾದಕ್ಕೆ ಕಿಕ್ಕರ್ ಧರಿಸುತ್ತಾರೆ. ಒಂದೊಂದು ಪ್ಯಾಡಿನ ಅಗಲ 300 ಮಿ.ಮೀ. ಮೀರಬಾರದು. ಕೈಗಾರ್ಡಿನ ಅಗಲ 228 ಮಿ.ಮೀ. ಮತ್ತು ಉದ್ದ 355 ಮಿ.ಮೀ. ಮೀರುವಂತಿಲ್ಲ. ಈ ಮಿತಿಗಳಿಲ್ಲದಿದ್ದರೆ ಕವಚವೇ ಗೋಲನ್ನು ಮುಚ್ಚಿಬಿಡುವ ಸಾಧ್ಯತೆಯಿರುತ್ತದೆ.

ಹಿಂದಿನ ಪ್ಯಾಡುಗಳು ಕ್ರಿಕೆಟ್ ಪ್ಯಾಡುಗಳಂತೆ ಬೆತ್ತದ ಕಡ್ಡಿ, ಹತ್ತಿ ಮತ್ತು ಬಟ್ಟೆಯಿಂದ ಕೂಡಿದ್ದವು. ಒದ್ದೆಯಾದರೆ ಭಾರವಾಗುತ್ತಿದ್ದವು, ಚೆಂಡು ತಗುಲಿದರೆ ಅಲ್ಲಿಯೇ ಕಾಲ ಬಳಿ ಬೀಳುತ್ತಿತ್ತು. ಈಗಿನ ಸಾಂದ್ರ ಫೋಮಿನ ಪ್ಯಾಡು ನೀರು ಹೀರುವುದಿಲ್ಲ, ಚೆಂಡನ್ನು ದೂರಕ್ಕೆ ಚಿಮ್ಮಿಸುತ್ತದೆ. ಇದರಿಂದ ಗೋಲ್‌ಕೀಪರ್‌ನ ಆಟದ ವಿಧಾನವೇ ಬದಲಾಯಿತು. ನಿಂತು ಒದೆಯುವುದರ ಜೊತೆಗೆ ನೆಲದ ಮೇಲೆ ಅಡ್ಡಲಾಗಿ ಜಾರಿ ತಡೆಯುವುದೂ ಸಾಮಾನ್ಯವಾಯಿತು.

ಪೂರ್ಣ ಕವಚದ ಬೆಲೆ ಸಾಮಾನ್ಯ ಕುಟುಂಬಕ್ಕೆ ಸಣ್ಣ ಮೊತ್ತವಲ್ಲ. 2020ರ ಟೋಕಿಯೊ ಮತ್ತು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಕಂಚು ಗೆದ್ದ ಭಾರತ ತಂಡಗಳ ಗೋಲ್‌ಕೀಪರ್, ಕೇರಳದ ಪಿ. ಆರ್. ಶ್ರೀಜೇಶ್ ಅವರಿಗೆ ಮೊದಲ ಕವಚ ಕೊಡಿಸಲು ಅವರ ತಂದೆ ಮನೆಯ ಹಸುವನ್ನು ಮಾರಿದ್ದರು. ಬಹಳಷ್ಟು ಶಾಲೆಗಳಲ್ಲಿ ಒಂದೇ ಕವಚವನ್ನು ಹಲವು ತಂಡಗಳು ಹಂಚಿಕೊಳ್ಳುವುದೂ ಇದೇ ಕಾರಣದಿಂದ.

ಮೈದಾನ ಮತ್ತು ಸಲಕರಣೆ

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಕೃತಕ ಹುಲ್ಲಿನ ಮೇಲೆ ಆಡಲಾಯಿತು. ಅಲ್ಲಿ ಭಾರತ ಏಳನೆಯ ಸ್ಥಾನಕ್ಕಿಳಿಯಿತು. ಕೃತಕ ನೆಲದಲ್ಲಿ ಚೆಂಡಿನ ವೇಗ ಹೆಚ್ಚಿದ್ದರಿಂದ ಸ್ಟಿಕ್ಕು, ಚೆಂಡು, ಬೂಟು, ಪ್ಯಾಡು ಎಲ್ಲವೂ ಬದಲಾಗಬೇಕಾಯಿತು. ಮಣ್ಣಿನ ನೆಲದಲ್ಲಿ ಕಲಿತು ಕೃತಕ ನೆಲದಲ್ಲಿ ಪರೀಕ್ಷೆಗೆ ನಿಲ್ಲುವ ಗ್ರಾಮೀಣ ಮಕ್ಕಳ ಕಷ್ಟ ಅಂದಿನಿಂದಲೇ ಆರಂಭವಾಯಿತು. ಮಣ್ಣಿನ ನೆಲದಲ್ಲಿ ಅಪಾಯ ಕಡಿಮೆ ಎಂದು ಭಾವಿಸುವುದು ತಪ್ಪು. ಅಲ್ಲಿ ಚೆಂಡಿನ ವೇಗ ಕಡಿಮೆಯಿದ್ದರೂ ಪುಟಿತ ಎತ್ತ ಎಂದು ಊಹಿಸಲಾಗದು. ಆದ್ದರಿಂದ ಕಾಲಿನ ಮತ್ತು ಬಾಯಿಯ ಕವಚಗಳು ಅಲ್ಲಿಯೂ ಅಷ್ಟೇ ಅಗತ್ಯ.

ಬೆಳಗಾವಿ ಮತ್ತು ಖಾನಾಪುರ

ಬೆಳಗಾವಿಯ ಹಾಕಿ ಪರಂಪರೆಗೆ ದಂಡುಪ್ರದೇಶದ ಸೈನಿಕ ಜೀವನವೂ ಒಂದು ಕಾರಣ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರ ಈ ನಗರದಲ್ಲಿದೆ. ಅದೇ ದಳದ ಯೋಧರಾಗಿದ್ದ ಶಂಕರ್ ಲಕ್ಷ್ಮಣ್ ಭಾರತ ಕಂಡ ಶ್ರೇಷ್ಠ ಗೋಲ್‌ಕೀಪರ್‌ಗಳಲ್ಲಿ ಒಬ್ಬರು. 1933ರಲ್ಲಿ ಮಧ್ಯಪ್ರದೇಶದ ಮಹೂವಿನಲ್ಲಿ ಜನಿಸಿದ ಅವರು 1947ರಲ್ಲಿ ವಾದ್ಯವೃಂದದ ಸದಸ್ಯರಾಗಿ ಸೈನ್ಯ ಸೇರಿದರು. 1956ರ ಮೆಲ್ಬರ್ನ್, 1960ರ ರೋಮ್ ಮತ್ತು 1964ರ ಟೋಕಿಯೊ ಒಲಿಂಪಿಕ್ಸ್‌ಗಳಲ್ಲಿ ಆಡಿದರು. ಮೂರು ಬಾರಿಯೂ ಅಂತಿಮ ಪಂದ್ಯದ ಎದುರಾಳಿ ಪಾಕಿಸ್ತಾನವಾಗಿತ್ತು, ಮೂರು ಪಂದ್ಯಗಳೂ 1-0 ಅಂತರದಲ್ಲಿ ಮುಗಿದವು. ಮೊದಲ ಮತ್ತು ಮೂರನೆಯದನ್ನು ಭಾರತ ಗೆದ್ದಿತು, ಎರಡನೆಯದನ್ನು ಸೋತಿತು. ಶಿರಸ್ತ್ರಾಣ ರೂಢಿಯಲ್ಲಿರದ ಆ ಕಾಲದಲ್ಲಿ, ಬೆತ್ತ ಮತ್ತು ಹತ್ತಿಯ ಪ್ಯಾಡ್ ಕಟ್ಟಿ ಮೂರು ಅಂತಿಮ ಪಂದ್ಯಗಳಲ್ಲಿ ಒಂದೇ ಗೋಲು ಬಿಟ್ಟುಕೊಟ್ಟ ಸಾಧನೆ ಅವರದು. 1966ರಲ್ಲಿ ಅವರ ನಾಯಕತ್ವದಲ್ಲಿ ಭಾರತ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು. 1967ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 2006ರಲ್ಲಿ ಅವರು ನಿಧನರಾದರು.

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಬಂಡು ಪಾಟೀಲ ಬೆಳಗಾವಿಯವರು. ಹೀಗೆ ಒಂದೇ ವಿಜೇತ ತಂಡದಲ್ಲಿ ಊರಿನ ಮಗನೊಬ್ಬನೂ, ಊರಿನಲ್ಲಿ ನೆಲೆಸಿರುವ ದಳದ ಯೋಧನೊಬ್ಬನೂ ಇದ್ದರು.

ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 26 ಕಿ.ಮೀ. ದೂರದಲ್ಲಿರುವ ಖಾನಾಪುರವು ಪಶ್ಚಿಮಘಟ್ಟದ ಸೆರಗಿನ ತಾಲ್ಲೂಕು ಕೇಂದ್ರ. ಇಲ್ಲಿ ಮಳೆ ಹೆಚ್ಚು, ನೆಲ ಕೆಂಪು. ಇಂತಹ ಹವೆಯಲ್ಲಿ ಮರದ ಸ್ಟಿಕ್ಕಿನ ಆರೈಕೆಗೆ ವಿಶೇಷ ಗಮನ ಬೇಕು. ತೇವ ಹೀರಿದ ಹಿಪ್ಪುನೇರಳೆ ಉಬ್ಬಿ, ಒಣಗುವಾಗ ಪದರ ಬಿಡುತ್ತದೆ. ಜಂಬಿಟ್ಟಿಗೆಯ ಹರಳುಗಳು ಮೂತಿಯನ್ನು ಬೇಗನೆ ಸವೆಸುತ್ತವೆ. ಆದ್ದರಿಂದ ಆಟ ಮುಗಿದೊಡನೆ ಸ್ಟಿಕ್ಕನ್ನು ಒಣಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ, ಮೂತಿಗೆ ಟೇಪು ಸುತ್ತಿ ಇಡುವುದು ಒಳ್ಳೆಯದು. ಬಿಸಿಲಿಗಾಗಲಿ ಒಲೆಯ ಪಕ್ಕದಲ್ಲಾಗಲಿ ಒಣಗಿಸಿದರೆ ಬಿರುಕು ಬಿಡುತ್ತದೆ. ಫೋಮಿನ ಪ್ಯಾಡುಗಳನ್ನೂ ಗಾಳಿಯಾಡುವ ಕಡೆ ಇಡದಿದ್ದರೆ ಮಳೆಗಾಲದಲ್ಲಿ ಪಟ್ಟಿಗಳಿಗೆ ಬೂಷ್ಟು ಹಿಡಿಯುತ್ತದೆ.

ಐಸ್ ಹಾಕಿಯೊಂದಿಗೆ ಹೋಲಿಕೆ

ಐಸ್ ಹಾಕಿಯಲ್ಲಿ ಚೆಂಡಿನ ಬದಲು ಗಟ್ಟಿಗೊಳಿಸಿದ ರಬ್ಬರಿನ ಬಿಲ್ಲೆಯನ್ನು ಬಳಸುತ್ತಾರೆ. ಇದಕ್ಕೆ ಪಕ್ ಎಂದು ಹೆಸರು. ಇದರ ವ್ಯಾಸ 7.62 ಸೆಂ.ಮೀ., ದಪ್ಪ 2.54 ಸೆಂ.ಮೀ., ತೂಕ 156ರಿಂದ 170 ಗ್ರಾಂ. ಅಂದರೆ ತೂಕದಲ್ಲಿ ಅದು ಹಾಕಿ ಚೆಂಡಿಗೆ ಬಹುತೇಕ ಸಮ. ಆದರೆ ಇಲ್ಲಿ ಆಟಗಾರರ ನಡುವೆ ದೇಹದ ಡಿಕ್ಕಿಗೂ ಅವಕಾಶವಿದೆ, ಕಾಲಲ್ಲಿ ಹರಿತವಾದ ಉಕ್ಕಿನ ಅಲಗುಗಳಿವೆ. ಆದ್ದರಿಂದ ಗೋಲ್‌ಕೀಪರ್ ಮಾತ್ರವಲ್ಲದೆ ಎಲ್ಲ ಆಟಗಾರರೂ ಶಿರಸ್ತ್ರಾಣ, ಭುಜ, ಮೊಣಕೈ, ಮೊಣಕಾಲುಗಳ ಕವಚ ಮತ್ತು ದಪ್ಪನೆಯ ಕೈಗವಸು ಧರಿಸುತ್ತಾರೆ.

ಈ ಕವಚಗಳು ಒಮ್ಮೆಲೇ ಬಂದವಲ್ಲ, ಹಲವು ಗಾಯ ಮತ್ತು ಸಾವುಗಳ ನಂತರ ಬಂದವು. 1959ರ ನವೆಂಬರ್ 1ರಂದು ಮಾಂಟ್ರಿಯಲ್ ತಂಡದ ಗೋಲ್‌ಕೀಪರ್ ಜಾಕ್ ಪ್ಲಾಂಟ್, ಮುಖಕ್ಕೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡ ಬಳಿಕ ಮುಖಕವಚ ಧರಿಸಿಯೇ ಮತ್ತೆ ಆಟಕ್ಕಿಳಿದರು. ಮುಖಕವಚ ಹೇಡಿತನದ ಗುರುತೆಂಬ ಭಾವನೆ ಆ ನಂತರ ಕ್ರಮೇಣ ಅಳಿಯಿತು. 1968ರಲ್ಲಿ ಬಿಲ್ ಮಾಸ್ಟರ್‌ಟನ್ ಎಂಬ ಆಟಗಾರ ತಲೆಗೆ ಪೆಟ್ಟು ಬಿದ್ದು ಮೃತಪಟ್ಟರು. ಆದರೂ ಉತ್ತರ ಅಮೆರಿಕದ ಪ್ರಮುಖ ಲೀಗ್ ಹೊಸದಾಗಿ ಸೇರುವವರಿಗೆ ಶಿರಸ್ತ್ರಾಣ ಕಡ್ಡಾಯ ಮಾಡಿದ್ದು 1979ರಲ್ಲಿ. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆದ ಪಂದ್ಯದಲ್ಲಿ ಸ್ಕೇಟಿನ ಅಲಗು ಕುತ್ತಿಗೆಗೆ ತಗುಲಿ ಆಡಮ್ ಜಾನ್ಸನ್ ಸಾವನ್ನಪ್ಪಿದರು. ಅದಾದ ಮೇಲೆ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟವು ತನ್ನ ಪಂದ್ಯಾವಳಿಗಳಲ್ಲಿ ಕುತ್ತಿಗೆಯ ಕವಚವನ್ನು ಕಡ್ಡಾಯಗೊಳಿಸಿತು.

ಭಾರತದಲ್ಲಿ ಐಸ್ ಹಾಕಿಯ ಮುಖ್ಯ ನೆಲೆ ಲಡಾಖ್. ಅಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡುತ್ತಾರೆ. ಭಾರತವು 1989ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ಸದಸ್ಯತ್ವ ಪಡೆಯಿತು. ಹೆಪ್ಪುಗಟ್ಟುವ ಚಳಿಯಿಲ್ಲದ ಕರ್ನಾಟಕದಂತಹ ನಾಡಿನಲ್ಲಿ ಇದಕ್ಕೆ ಸಮೀಪದ ಆಟವೆಂದರೆ ಗಾಲಿಗಳ ಮೇಲೆ ಆಡುವ ರೋಲರ್ ಹಾಕಿ. ರೋಲರ್ ಸ್ಕೇಟಿಂಗ್ ಬೆಳಗಾವಿಯ ಮಕ್ಕಳಿಗೆ ಪ್ರಿಯವಾದ ಕ್ರೀಡೆ. ಅದಕ್ಕೆ ಬೇಕಾದ ಶಿರಸ್ತ್ರಾಣ, ಮೊಣಕಾಲು ಮತ್ತು ಮೊಣಕೈ ಕವಚಗಳು ರೋಲರ್ ಹಾಕಿಗೂ ಅಡಿಪಾಯವಾಗಿವೆ.

ಆಯ್ಕೆಯ ಕ್ರಮ

ಸ್ಟಿಕ್ಕನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ತುದಿ ಆಟಗಾರನ ಸೊಂಟದ ಮೂಳೆಯವರೆಗೆ ಬರುವುದು ಸಾಮಾನ್ಯ ಅಳತೆ. ಮಗು ಬೆಳೆಯುತ್ತದೆಂದು ಉದ್ದದ ಸ್ಟಿಕ್ ಕೊಂಡರೆ ಬೆನ್ನು ಮತ್ತು ಮಣಿಕಟ್ಟಿಗೆ ಶ್ರಮವಾಗುತ್ತದೆ, ಕೈ ತಪ್ಪು ರೂಢಿಗೆ ಬೀಳುತ್ತದೆ. ಕಾಲಿನ ಗಾರ್ಡು ಮೊಣಕಾಲಿನ ಕೆಳಗಿನಿಂದ ಹಿಮ್ಮಡಿಯ ಗಂಟಿನವರೆಗೆ ಮುಚ್ಚಬೇಕು. ಗೋಲ್‌ಕೀಪರ್‌ನ ಶಿರಸ್ತ್ರಾಣ ತಲೆಯಾಡಿಸಿದಾಗ ಅಲುಗಬಾರದು. ಬಿರುಕು ಬಿಟ್ಟ ಶಿರಸ್ತ್ರಾಣವನ್ನು ಅಂಟು ಹಾಕಿ ಬಳಸುವುದು ಅಪಾಯಕರ. ಸಲಕರಣೆಗೆ ಹಣ ಸೀಮಿತವಾಗಿದ್ದಾಗ ದುಬಾರಿ ಸ್ಟಿಕ್ಕಿಗಿಂತ ಮೊದಲು ಹಲ್ಲಿನ ಕವಚ ಮತ್ತು ಕಾಲಿನ ಗಾರ್ಡುಗಳನ್ನು ಕೊಳ್ಳುವುದು ಲೇಸು. ಮುರಿದ ಸ್ಟಿಕ್ಕಿಗೆ ಬದಲು ಸಿಗುತ್ತದೆ, ಒಮ್ಮೆ ಕಳೆದುಕೊಂಡ ಶಾಶ್ವತ ಹಲ್ಲು ಮತ್ತೆ ಹುಟ್ಟುವುದಿಲ್ಲ.