ಜವಾರಿ ಹತ್ತಿಯೂ ಒಂದು ಲ್ಯಾಟಿನ್ ವಿಶೇಷಣವೂ

ಹತ್ತಿ ಒಂದೇ, ಹೆಸರು ಮಾತ್ರ ಕೇಳಿದವರಿಗೆ ತಕ್ಕಂತೆ ಬೇರೆ ಬೇರೆ. ರಬಕವಿ-ಬನಹಟ್ಟಿಯ ನೇಕಾರನು ನೂಲಿನ ನಂಬರನ್ನು ಹೇಳುತ್ತಾನೆ. ಬೀಳಗಿಯ ಎರೆಹೊಲವನ್ನು ಕಂಡ ಹಿರಿಯ ರೈತನು ‘ಜವಾರಿ’, ‘ವಿಲಾಯತಿ’ ಎಂದು ಎರಡು ಬಗೆ ಮಾಡುತ್ತಾನೆ. ಸಸ್ಯಶಾಸ್ತ್ರಜ್ಞನಾದರೋ ಜವಾರಿಯನ್ನು ‘ಗಾಸಿಪಿಯಂ ಹರ್ಬೇಸಿಯಂ’ ಎಂದೂ, ವಿಲಾಯತಿಯನ್ನು ‘ಗಾಸಿಪಿಯಂ ಹಿರ್ಸೂಟಂ’ ಎಂದೂ ಕರೆಯುತ್ತಾನೆ. ಈ ಹೆಸರುಗಳಲ್ಲಿ ಮೊದಲ ಪದ ಕುಲವನ್ನು ಸೂಚಿಸುವ ನಾಮಪದ, ಎರಡನೆಯದು ವಿಶೇಷಣ. ಆ ವಿಶೇಷಣದ ಹಿಂದೆ ನಮ್ಮ ಹೊಲಗಳ ಚರಿತ್ರೆಯ ಒಂದು ತುಣುಕು ಅಡಗಿದೆ.

ಲ್ಯಾಟಿನ್ನಿನಲ್ಲಿ ‘ಹರ್ಬಾ’ ಎಂದರೆ ಹುಲ್ಲು, ಗಿಡಮೂಲಿಕೆ. ಅದಕ್ಕೆ ಪ್ರತ್ಯಯ ಸೇರಿ ‘ಹರ್ಬೇಸಿಯಸ್’ ಎಂಬ ವಿಶೇಷಣ ಹುಟ್ಟಿತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಸ್ಫೋಟದಲ್ಲಿ ಮಡಿದ ಪ್ಲಿನಿಯು ಇದನ್ನು ಹುಲ್ಲಿನ ಬಣ್ಣದ ಎಂಬ ಅರ್ಥದಲ್ಲಿ ಬಳಸಿದ್ದಾನೆ. ಮುಂದೆ ಸಸ್ಯಶಾಸ್ತ್ರಜ್ಞರ ಕೈಗೆ ಬಂದಾಗ ಬಣ್ಣ ಹಿಂದೆ ಸರಿದು, ಮರದಂತೆ ಬಲಿಯದ, ಮೆದುಕಾಂಡದ ಎಂಬ ಅರ್ಥ ಮುಂದೆ ಬಂದಿತು. ಪದ ಅದೇ, ನೋಡುವ ಕಣ್ಣು ಬೇರೆ.

ವ್ಯಾಕರಣದ ದೃಷ್ಟಿಯಿಂದಲೂ ಇಲ್ಲಿ ಒಂದು ಸ್ವಾರಸ್ಯವಿದೆ. ಲ್ಯಾಟಿನ್ ವಿಶೇಷಣವು ಸಂಸ್ಕೃತದಂತೆ ವಿಶೇಷ್ಯದ ಲಿಂಗವನ್ನು ಅನುಸರಿಸಿ ನಡೆಯುತ್ತದೆ. ಸುಂದರಃ, ಸುಂದರೀ, ಸುಂದರಂ ಎಂಬಂತೆಯೇ ಹರ್ಬೇಸಿಯಸ್, ಹರ್ಬೇಸಿಯಾ, ಹರ್ಬೇಸಿಯಂ. ಗಾಸಿಪಿಯಂ ನಪುಂಸಕಲಿಂಗ, ಆದುದರಿಂದ ಅದರ ಜೊತೆಗೆ ಬರುವ ವಿಶೇಷಣವೂ ಹರ್ಬೇಸಿಯಂ ಆಯಿತು. ನಮ್ಮ ಕನ್ನಡಕ್ಕೆ ಈ ಕಟ್ಟಿಲ್ಲ. ಬಿಳಿಯ ಹತ್ತಿ, ಬಿಳಿಯ ಎತ್ತು, ಬಿಳಿಯ ಹುಡುಗಿ—ವಿಶೇಷಣ ಇದ್ದಂತೆಯೇ ಇರುತ್ತದೆ. ಜವಾರಿ ಹತ್ತಿ, ಜವಾರಿ ಆಕಳು, ಜವಾರಿ ಮಾತು ಎಂದು ಒಂದೇ ಪದ ಹೊಲದಿಂದ ನಾಲಗೆಯವರೆಗೆ ನಡೆದುಬರುತ್ತದೆ.

ಸ್ವೀಡನ್ನಿನ ಲಿನೀಯಸನು 1753ರ ತನ್ನ ಗ್ರಂಥದಲ್ಲಿ ಹರ್ಬೇಸಿಯಂ ಎಂಬ ಹೆಸರನ್ನು ಸ್ಥಿರಪಡಿಸಿದನು. ಅದೇ ಗ್ರಂಥದಲ್ಲಿ ಮರದಂಥ ಹತ್ತಿಗೆ ‘ಆರ್ಬೋರಿಯಂ’ ಎಂದೂ, ಬಾರ್ಬಡೋಸಿನದೆಂದು ಬಗೆದ ಹತ್ತಿಗೆ ‘ಬಾರ್ಬಡೆನ್ಸ್’ ಎಂದೂ ಹೆಸರಿಟ್ಟನು. ರೋಮದಿಂದ ಕೂಡಿದ್ದು ಎಂಬ ಅರ್ಥದ ‘ಹಿರ್ಸೂಟಂ’ ಬಂದುದು 1763ರಲ್ಲಿ. ಆದರೆ ಹರ್ಬೇಸಿಯಂ ನಿಜವಾಗಿ ಹುಲ್ಲಿನ ಜಾತಿಯಲ್ಲ. ಇಬ್ಬನಿ ಹೆಪ್ಪುಗಟ್ಟದ ನಾಡಿನಲ್ಲಿ ಬಿಟ್ಟರೆ ವರ್ಷ ವರ್ಷ ಬದುಕುವ ಪೊದೆ. ಬಾರ್ಬಡೆನ್ಸ್‌ನ ಮೂಲವೂ ಬಾರ್ಬಡೋಸ್ ಅಲ್ಲ, ದಕ್ಷಿಣ ಅಮೆರಿಕ. ವಿಶೇಷಣವು ವಸ್ತುವಿನ ಗುಣವನ್ನು ಹೇಳುವಷ್ಟೇ, ಹೆಸರಿಟ್ಟವನು ಎಲ್ಲಿ ನಿಂತು ನೋಡಿದನೆಂಬುದನ್ನೂ ಹೇಳುತ್ತದೆ.

ನಮ್ಮವರ ವಿಶೇಷಣಗಳೂ ಇದಕ್ಕೆ ಹೊರತಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ. ರನ್ನನ ಮುದುವೊಳಲಾದ ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗ್ಲಿಗೆ ಸೇರಿದ್ದು. ಬೀಳಗಿ ಇಂಗ್ಲಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಒಡೆಯರು ಬೇರೆಯಾದರೂ ಕಪ್ಪು ಮಣ್ಣಿಗೆ ಗಡಿಯಿರಲಿಲ್ಲ. ಜೋಳದ ಜೊತೆಗೆ ಹತ್ತಿಯೂ ಇಲ್ಲಿ ಬೆಳೆಯುತ್ತಿತ್ತು. ಈ ಸೀಮೆಗೆ ಹತ್ತಿರದ ಧಾರವಾಡದಲ್ಲಿ 1840ರ ದಶಕದಲ್ಲಿ ಕಂಪನಿ ಸರಕಾರವು ಅಮೆರಿಕದ ತಳಿಯನ್ನು ಬೆಳೆಸಿ ನೋಡಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದನೆಯ ಎಳೆ ಬೇಕಾಗಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ಈ ಭಾಗದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಆಗ ರೈತರು ಹೊಸದನ್ನು ‘ವಿಲಾಯತಿ ಹತ್ತಿ’ ಎಂದರು, ಹಳೆಯದನ್ನು ‘ಜವಾರಿ ಹತ್ತಿ’ ಎಂದರು. ವ್ಯಾಪಾರಿಗಳ ಬಾಯಲ್ಲಿ ಜವಾರಿಯು ‘ಕುಮಟಾ ಹತ್ತಿ’ ಆಯಿತು. ಕುಮಟೆಯ ಬಂದರಿನಿಂದ ಅದು ಹಡಗು ಏರುತ್ತಿದ್ದುದೇ ಇದಕ್ಕೆ ಕಾರಣ. ಬೆಳೆದ ಊರಿನ ಹೆಸರಲ್ಲ, ಬಿಟ್ಟುಹೋದ ಊರಿನ ಹೆಸರು!

ವಿಲಾಯತಿ ಎಂಬುದೂ ತಪ್ಪು ವಿಶೇಷಣವೇ. ಹಿರ್ಸೂಟಂ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಮೆಕ್ಸಿಕೋ ಸೀಮೆಯಲ್ಲಿ. ಜವಾರಿಯಾದರೂ ಮೊದಲಿನಿಂದ ಇಲ್ಲಿಯದೇ ಎನ್ನುವಂತಿಲ್ಲ. ಅದರ ಕಾಡುಬಂಧು ಇರುವುದು ಆಫ್ರಿಕದ ದಕ್ಷಿಣದಲ್ಲಿ. ಇನ್ನೂ ವಿಚಿತ್ರವೆಂದರೆ, ಹಿರ್ಸೂಟಂನ 52 ವರ್ಣತಂತುಗಳಲ್ಲಿ ಅರ್ಧದಷ್ಟು, 26 ವರ್ಣತಂತುಗಳ ಹರ್ಬೇಸಿಯಂನ ಬಳಗಕ್ಕೆ ಸೇರಿದ ಒಂದು ಪೂರ್ವಜನಿಂದ ಬಂದವು. ಮನುಷ್ಯ ಹುಟ್ಟುವ ಮುನ್ನವೇ ಆದ ಸಂಬಂಧವದು. ಹೊಲದ ಬದುವಿನಲ್ಲಿ ನಾವು ಪರಕೀಯವೆಂದು ಬೇರೆಯಿಟ್ಟದ್ದು ದೂರದ ದಾಯಾದಿಯೇ.

ಹಾಗಾದರೆ ಈ ಹೆಸರುಗಳ ಜಗಳದಿಂದ ನಮಗೇನು? ಏನೂ ಇಲ್ಲವೆನ್ನುವಂತಿಲ್ಲ. ಜವಾರಿಯ ಎಳೆ ಗಿಡ್ಡ, ನೂಲು ಒರಟು. ನಯವಾದ ಬಟ್ಟೆ ಬೇಡುವ ಮಗ್ಗಕ್ಕೆ ಅದು ಸಲ್ಲಲಿಲ್ಲ. ಧಾರವಾಡದಲ್ಲಿಯೇ 1972ರಲ್ಲಿ ಬಿ. ಎಚ್. ಕಟರ್ಕಿಯವರು ಹಿರ್ಸೂಟಂ ಹಾಗೂ ಬಾರ್ಬಡೆನ್ಸ್‌ಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ಸಂಕರ ತಳಿಯನ್ನು ಕೊಟ್ಟರು. 2002ರಲ್ಲಿ ಬಿಟಿ ಹತ್ತಿ ಬಂದ ಮೇಲೆ ದೇಶದ ಹತ್ತಿಹೊಲದ ಬಹುಪಾಲು ಹಿರ್ಸೂಟಂನ ವಶವಾಯಿತು. ಅತ್ತ ಮುಧೋಳ, ಜಮಖಂಡಿಗಳ ನೀರಾವರಿ ಹೊಲಗಳಲ್ಲಿ ಕಬ್ಬು ನಿಂತಿತು. ಬೀಳಗಿಯ ಎಷ್ಟೋ ಊರುಗಳ ಎರೆಭೂಮಿ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟರೂ ಬೇರನ್ನು ಆಳಕ್ಕಿಳಿಸಿ ನೆಲದ ಪಸೆಯನ್ನೇ ಹೀರಿ ನಿಲ್ಲುವ, ರಸ ಹೀರುವ ಕೀಟಗಳಿಗೆ ಸುಲಭವಾಗಿ ಮಣಿಯದ ಜವಾರಿಯು ಮೂಲೆ ಸೇರಿತು. ಹರ್ಬೇಸಿಯಂ ತಳಿಯಾದ ಜಯಧರದಂಥವು ಅಲ್ಲಲ್ಲಿ ಉಳಿದಿವೆ.

ಹುಲ್ಲಿನಂಥದು ಎಂದ ಲಿನೀಯಸ್ ಅದನ್ನು ಕೀಳು ಮಾಡಲಿಲ್ಲ, ಕಂಡದ್ದನ್ನು ಹೇಳಿದ. ಕೀಳು ಮಾಡಿದ್ದು ಎಳೆಯ ಉದ್ದವೊಂದನ್ನೇ ಅಳೆದ ಪೇಟೆ. ಗಿಡ್ಡ, ಒರಟು ಎಂಬ ಪೇಟೆಯ ವಿಶೇಷಣಗಳ ಪಕ್ಕದಲ್ಲಿ ಬರ ತಡೆಯುವ, ಖರ್ಚು ಕಡಿಮೆಯ ಎಂಬ ಹೊಲದ ವಿಶೇಷಣಗಳನ್ನೂ ಬರೆದಿಟ್ಟಿದ್ದರೆ ಈ ಬೆಳೆಯ ಲೆಕ್ಕ ಬೇರೆಯಾಗುತ್ತಿತ್ತೇನೋ. ಆ ಪದಗಳನ್ನು ಬಲ್ಲ ಹಿರಿಯರು ಬೀಳಗಿಯ ಕಡೆಗೆ ಇನ್ನೂ ಇದ್ದಾರೆ. ಅವನ್ನು ಕೇಳಿ ಬರೆದುಕೊಳ್ಳುವ ಕೆಲಸ ನಿಘಂಟುಕಾರನಿಗೂ ಸೇರಿದ್ದು, ಬೀಜ ಕಾಯುವವನಿಗೂ ಸೇರಿದ್ದು.