ಖಾಲಿದಿಯಾದ ಸಂಜೆಯ ಪಂಕ್ತಿ

ಅಬುಧಾಬಿ ದ್ವೀಪದ ಪಶ್ಚಿಮ ಭಾಗವಾದ ಖಾಲಿದಿಯಾದಲ್ಲಿ ರಂಜಾನಿನ ಸೂರ್ಯಾಸ್ತಕ್ಕೆ ಮಸೀದಿಯ ಮಗ್ಗುಲಲ್ಲಿ ಹಾಸಿದ ಉದ್ದನೆಯ ಹಾಳೆಯ ಮೇಲೆ ಖರ್ಜೂರ, ಮಜ್ಜಿಗೆ, ಮಾಂಸದನ್ನಗಳು ಕೂಲಿಕಾರರಿಗಾಗಿ ಸಾಲುಗೊಳ್ಳುವುದನ್ನು ಕಂಡವರು ಅದನ್ನು ತೈಲದ ಸಿರಿಯ ಫಲವೆಂದು ತಿಳಿಯುವುದು ಸಹಜ. ಆದರೆ ಈ ಔದಾರ್ಯದ ಬೇರು ಅಭಾವದ ಕಾಲದ್ದೆಂದು ನನ್ನ ಮತ. 1930ರ ದಶಕದಲ್ಲಿ ಜಪಾನಿನ ಕೃಷಿಮುತ್ತುಗಳೂ ಜಗದ್ವ್ಯಾಪಿಯಾದ ಆರ್ಥಿಕ ಕುಸಿತವೂ ಕೂಡಿ ಮುತ್ತಿನ ವ್ಯಾಪಾರವನ್ನು ನೆಲಕಚ್ಚಿಸಿದಾಗ, ಗರಿಯ ಗುಡಿಸಲುಗಳಲ್ಲಿ ಸವುಳು ನೀರು ಕುಡಿಯುತ್ತ, ಹಿಂದೂಸ್ಥಾನದಿಂದ ಹಾಯಿಹಡಗಿನಲ್ಲಿ ಬರುವ ಅಕ್ಕಿಯ ದಾರಿ ಕಾಯುತ್ತಿದ್ದ ಜನರಿಗೆ, ಬಂದ ಅತಿಥಿಗೆ ತಮ್ಮ ಖರ್ಜೂರದಲ್ಲಿ ಪಾಲು ಕೊಡುವುದು ಬದುಕಿನ ಉಪಾಯವೇ ಆಗಿದ್ದಿತು. ನಾಳೆ ತಾವೂ ಇನ್ನೊಬ್ಬರ ಬಾಗಿಲಿಗೆ ಹೋಗಬೇಕಷ್ಟೆ!

1958ರಲ್ಲಿ ತೈಲ ದೊರೆತು, 1962ರಲ್ಲಿ ದಾಸ್ ದ್ವೀಪದಿಂದ ರಫ್ತು ತೊಡಗಿತು. 1966ರಲ್ಲಿ ಪಟ್ಟವೇರಿದ ಶೇಖ್ ಜಾಯೆದರು, ಏಳು ಎಮಿರೇಟುಗಳ ಒಕ್ಕೂಟವಿನ್ನೂ ರೂಪುಗೊಳ್ಳುವ ಮುನ್ನವೇ, 1971ರ ಜುಲೈಯಲ್ಲಿ ಪರದೇಶಗಳ ಅಭ್ಯುದಯಕ್ಕೆ ನೆರವೀಯುವ ಅಬುಧಾಬಿ ನಿಧಿಯನ್ನು ಸ್ಥಾಪಿಸಿದರು. ತನ್ನ ರಸ್ತೆ, ಆಸ್ಪತ್ರೆಗಳನ್ನೇ ಇನ್ನೂ ಕಟ್ಟಿಕೊಳ್ಳುತ್ತಿದ್ದ ನಾಡು ಪರರಿಗೆಂದು ಹಣ ತೆಗೆದಿಟ್ಟದ್ದು ಲೆಕ್ಕಿಗರಿಗೆ ವಿಚಿತ್ರವೆನಿಸಿದ್ದರೆ ಆಶ್ಚರ್ಯವಿಲ್ಲ. 2004ರಲ್ಲಿ ಅವರು ತೀರಿಕೊಂಡ ರಂಜಾನಿನ 19ನೆಯ ದಿನವನ್ನು ಇಂದು ಸೇವಾದಿನವಾಗಿ ಆಚರಿಸುತ್ತಾರೆ. ಧರ್ಮಸ್ಥಳದ ಅನ್ನಛತ್ರದಲ್ಲಿ ಜಾತಿಮತ ಕೇಳಿಸಿಕೊಳ್ಳದೆ ಉಂಡು ಬಂದ ನಮ್ಮ ಕರಾವಳಿಯವರಿಗೆ ಇಲ್ಲಿಯ ಪಂಕ್ತಿ ಅಪರಿಚಿತವೆನಿಸದು. ಮಜ್ಜಿಗೆಗೆ ಒಗ್ಗರಣೆಯಿಲ್ಲವೆಂಬುದೊಂದೇ ಅವರ ಆಕ್ಷೇಪ.