ಸೆಮಿಪಲಾಟಿನ್‌ಸ್ಕ್: ಅಣ್ವಸ್ತ್ರ ಪೈಪೋಟಿ ಮತ್ತು ಜನಪದ ಪ್ರತಿರೋಧ

ಅಣ್ವಸ್ತ್ರ ಪೈಪೋಟಿಯ ಚರಿತ್ರೆಯನ್ನು ಇದುವರೆಗೆ ಬಹುಮಟ್ಟಿಗೆ ರಾಜಧಾನಿಗಳ ಕಡತಗಳಿಂದ ಕಟ್ಟಲಾಗಿದೆ. ಸಿಡಿತಲೆಗಳ ಎಣಿಕೆ, ಒಪ್ಪಂದಗಳ ದಿನಾಂಕ, ನಾಯಕರ ಭೇಟಿಗಳೇ ಅದರ ಆಕರಗಳು. ಬಾಂಬು ಸಿಡಿದ ನೆಲದ ಜನ ಅದರಲ್ಲಿ ಕಾಣಿಸುವುದು ಅಪರೂಪ. ಕಾಣಿಸಿದರೂ ಅಂಕಿಗಳಾಗಿ ಕಾಣಿಸುತ್ತಾರೆ. ಕಜಕಸ್ತಾನದ ಸೆಮಿಪಲಾಟಿನ್‌ಸ್ಕ್ ಈ ಮಾತಿಗೆ ನಿದರ್ಶನವೂ ಹೌದು, ಅಪವಾದವೂ ಹೌದು.

ಹಿರೋಷಿಮಾ ನಾಶವಾದ ನಾಲ್ಕು ವರ್ಷಗಳ ಬಳಿಕ, 1949ರ ಆಗಸ್ಟ್ 29ರಂದು, ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬನ್ನು ಇಲ್ಲಿ ಪರೀಕ್ಷಿಸಿತು. 18 ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರು ವಿಸ್ತಾರದ ಈ ಹುಲ್ಲುಗಾವಲು ಮಾಸ್ಕೋದ ಕಣ್ಣಿಗೆ ನಿರ್ಜನ ಪ್ರದೇಶ. ವಾಸ್ತವವಾಗಿ ಇದಕ್ಕೆ ಹೊಂದಿಕೊಂಡ ಚಿಂಗಿಸ್ ಬೆಟ್ಟಸೀಮೆ ಕಜಕ್ ಮಹಾಕವಿ ಅಬಾಯ್ (1845–1904) ಹುಟ್ಟಿದ ನೆಲ, ಕುರಿ ಕುದುರೆ ಸಾಕುವವರ ಸಮೃದ್ಧ ಮೌಖಿಕ ಪರಂಪರೆಯ ನಾಡು. ನಲವತ್ತು ವರ್ಷಗಳಲ್ಲಿ ಇಲ್ಲಿ 456 ಪರೀಕ್ಷೆಗಳು ನಡೆದವು. 1953ರ ಆಗಸ್ಟ್ 12ರ ಉಷ್ಣಬೈಜಿಕ ಸ್ಫೋಟಕ್ಕೆ ಮುನ್ನ ಕರಾವುಲ್ ಗ್ರಾಮವನ್ನು ತೆರವುಗೊಳಿಸಲಾಯಿತಾದರೂ ಸುಮಾರು 40 ಮಂದಿ ಗಂಡಸರನ್ನು ಅಲ್ಲಿಯೇ ಉಳಿಸಲಾಯಿತು. 1957ರಲ್ಲಿ ವಿಕಿರಣದ ಪರಿಣಾಮಗಳನ್ನು ಗುಟ್ಟಾಗಿ ಅಭ್ಯಸಿಸಲು ತೆರೆದ ಸಂಸ್ಥೆಗೆ ಬ್ರುಸೆಲ್ಲೋಸಿಸ್ ನಿವಾರಣಾ ಚಿಕಿತ್ಸಾಲಯವೆಂದು ಹೆಸರಿಡಲಾಯಿತು. ಬ್ರುಸೆಲ್ಲೋಸಿಸ್ ದನಕುರಿಗಳಿಂದ ಮನುಷ್ಯರಿಗೆ ತಗಲುವ ರೋಗ. ಪಶುಪಾಲಕರು ಸಂಶಯಪಡದಂಥ ಹೆಸರನ್ನೇ ಪ್ರಭುತ್ವ ಆರಿಸಿಕೊಂಡಿತ್ತು!

1989ರ ಫೆಬ್ರವರಿಯಲ್ಲಿ ಭೂಗತ ಪರೀಕ್ಷೆಯೊಂದರ ವಿಕಿರಣಯುಕ್ತ ಅನಿಲ ಹೊರಗೆ ಸೋರಿತು. ಆ ತಿಂಗಳ 25ರಂದು ದೂರದರ್ಶನದಲ್ಲಿ ಮಾತನಾಡಬೇಕಿದ್ದ ಕವಿ ಓಲ್ಜಾಸ್ ಸುಲೈಮೆನೊವ್ ಸಿದ್ಧ ವಿಷಯವನ್ನು ಬದಿಗಿಟ್ಟು, ಪರೀಕ್ಷೆಗಳ ವಿರುದ್ಧ ಸಭೆ ಸೇರುವಂತೆ ಕರೆಯಿತ್ತರು. ಮೂರು ದಿನಗಳ ಬಳಿಕ ಆಲ್ಮಾ ಆಟಾದ ಲೇಖಕರ ಸಂಘದಲ್ಲಿ ಸಾವಿರಾರು ಜನ ನೆರೆದರು. ‘ನೆವಾಡಾ–ಸೆಮಿಪಲಾಟಿನ್‌ಸ್ಕ್’ ಚಳವಳಿ ಹುಟ್ಟಿದ್ದು ಹೀಗೆ.

ಈ ಚಳವಳಿಯ ಭಾಷೆ ಜಾನಪದದ್ದು ಎಂಬುದು ಗಮನಾರ್ಹ. ಕರಾವುಲ್‌ನಲ್ಲಿ ಸೇರಿದ ಜನ ಕೆಡುಕಿನತ್ತ ಕಲ್ಲೆಸೆಯುವ ಹಳೆಯ ಆಚರಣೆಯನ್ನು ಪರೀಕ್ಷಾ ವಲಯದ ವಿರುದ್ಧ ತಿರುಗಿಸಿದರು. ಚಳವಳಿಯ ಹಾಡಾದ ‘ಜಮಾನ್ ಆಯ್’, ಅಂದರೆ ‘ಅಯ್ಯೋ ಕಾಲವೇ’, 18ನೆಯ ಶತಮಾನದ ಜುಂಗಾರ್ ದಾಳಿಗಳ ನೆನಪಿನೊಂದಿಗೆ ಬೆರೆತ ಶೋಕಗೀತೆ ‘ಎಲಿಮ್ ಆಯ್’ಯನ್ನು ಹೆಸರಿನಲ್ಲೇ ನೆನಪಿಸುತ್ತದೆ. ಕೇಳಿದವರಿಗೆ ಇದು ಯಾವ ಬಗೆಯ ದುಃಖವೆಂದು ವಿವರಿಸಬೇಕಾಗಿರಲಿಲ್ಲ. ಲಾಂಛನದಲ್ಲಿ ಕಜಕ್ ಅಲೆಮಾರಿಯೊಬ್ಬ ಅಮೆರಿಕದ ಮೂಲನಿವಾಸಿಯೊಡನೆ ಶಾಂತಿಯ ಚಿಲುಮೆ ಹಂಚಿಕೊಳ್ಳುತ್ತಾನೆ. ನೆವಾಡಾದ ಪರೀಕ್ಷಾ ನೆಲವೂ ಪಶ್ಚಿಮ ಶೋಶೋನಿ ಬುಡಕಟ್ಟಿನವರು ತಮ್ಮದೆನ್ನುವ ನೆಲವೇ. ಎರಡು ಮಹಾಶಕ್ತಿಗಳು ಪರಸ್ಪರ ಗುರಿಯಿಟ್ಟಿದ್ದಾಗ ಅವುಗಳ ಹಿತ್ತಿಲಿನ ಜನ ಒಂದೇ ಚಿತ್ರದಲ್ಲಿ ಕುಳಿತದ್ದನ್ನು ರಾಜತಾಂತ್ರಿಕ ಚರಿತ್ರೆ ಇನ್ನೂ ಸರಿಯಾಗಿ ಓದಿಲ್ಲ.

1989ಕ್ಕೆ ಯೋಜಿಸಿದ್ದ 18 ಪರೀಕ್ಷೆಗಳಲ್ಲಿ 11 ರದ್ದಾದವು. ಆ ವರ್ಷದ ಅಕ್ಟೋಬರ್ 19ರದೇ ಕೊನೆಯದು. 1991ರ ಆಗಸ್ಟ್ 29ರಂದು ಪರೀಕ್ಷಾ ಕೇಂದ್ರ ಮುಚ್ಚಿತು. ಸ್ವತಂತ್ರ ಕಜಕಸ್ತಾನದ ನೆಲದಲ್ಲಿ ಆಗ ಸಾವಿರಕ್ಕೂ ಹೆಚ್ಚು ಸಿಡಿತಲೆಗಳು ಉಳಿದಿದ್ದವು. 1995ರೊಳಗೆ ಅವೆಲ್ಲ ರಷ್ಯಾಕ್ಕೆ ಸಾಗಿದವು. ಇದಕ್ಕೆ ಭದ್ರತೆಯ ಭರವಸೆ, ಆರ್ಥಿಕ ನೆರವುಗಳನ್ನು ಕಾರಣವಾಗಿ ಹೇಳುವುದು ತಪ್ಪಲ್ಲ. ಆದರೆ ಕೇಂದ್ರ ಮುಚ್ಚಿದ್ದು ಒಕ್ಕೂಟ ಇನ್ನೂ ಉಳಿದಿದ್ದಾಗಲೇ ಎಂಬುದನ್ನು ಆ ವಾದ ವಿವರಿಸದು.

ಸಂತ್ರಸ್ತರ ರಕ್ಷಣೆಯ ಕಾಯಿದೆ 1992ರ ಡಿಸೆಂಬರಿನಲ್ಲಿ ಬಂತು. ಅದು 1949ರಿಂದ 1990ರವರೆಗೆ ಅಲ್ಲಿ ವಾಸವಿದ್ದುದನ್ನು ಆಧಾರವಾಗಿಟ್ಟುಕೊಂಡು ಪರಿಹಾರದ ಪ್ರಮಾಣಪತ್ರ ನೀಡುತ್ತದೆ. ಅನಂತರ ಹುಟ್ಟಿದ ಮಕ್ಕಳ ಕಾಯಿಲೆಗಳ ಕಥನ ಸದ್ಯಕ್ಕೆ ತಾಯಂದಿರ ಬಾಯಲ್ಲಿದೆ.